ಜನರಲ್‌ಗಳ ಜಿಲ್ಲೆಯಲ್ಲಿ ಸೂಪರ್‌ವೈಸರ್ ಆಗುವುದು

ಕೊಡಗಿಗೆ ಬಂದು ನಾಯಕತ್ವದ ಬಗ್ಗೆ ಭಾಷಣ ಮಾಡುವವರೆಲ್ಲ ಶುರು ಮಾಡುವುದು ಒಂದೇ ಕಡೆಯಿಂದ. ಮೊದಲು ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಆಮೇಲೆ ಜನರಲ್ ತಿಮ್ಮಯ್ಯ. ಅದಾದ ಮೇಲೆ ಒಂದೆರಡು ಹಾಕಿ ಆಟಗಾರರ ಫೋಟೋ. ಕೊನೆಗೆ ಆ ಮಾತು ಬಂದೇ ಬರುತ್ತದೆ: "ನಿಮಗೆ ನಾನೇನು ಹೇಳಿಕೊಡಲಿ, ಲೀಡರ್‌ಶಿಪ್ ನಿಮ್ಮ ರಕ್ತದಲ್ಲೇ ಇದೆ!" ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಾಫಿ ಬರುತ್ತದೆ, ಬಿಸ್ಕತ್ತು ಬರುತ್ತದೆ. ಮಾರನೇ ದಿನ ಬೆಳಗ್ಗೆ ಅದೇ ಸೂಪರ್‌ವೈಸರು ಅದೇ ಹುಡುಗನ ಮೇಲೆ ಎಲ್ಲರೆದುರಿಗೆ ಕೂಗಾಡುತ್ತಿರುತ್ತಾನೆ.

ನಾನು ಕೆಲಸ ಮಾಡುವುದು ಸಿದ್ದಾಪುರದ ಕಡೆಯ ಒಂದು ರೆಸಾರ್ಟಿನಲ್ಲಿ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಉಳಿಸಿಕೊಳ್ಳುವುದು, ಅವರ ಜಗಳ ಬಿಡಿಸುವುದು ನನ್ನ ಕೆಲಸ. ಹಾಗಾಗಿ ಈ ರಕ್ತದ ಭಾಷಣವನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. ಕೇಳುವಾಗೆಲ್ಲ ನನ್ನ ಕಣ್ಣು ಸಭೆಯಲ್ಲಿ ಕೂತವರ ಮೇಲೆ ಹೋಗುತ್ತದೆ. ಕೊಡವರು ಇರುತ್ತಾರೆ, ನಿಜ. ಜೊತೆಗೆ ಅರೆಭಾಷೆ ಮಾತಾಡುವ ಗೌಡರು, ತುಳುವರು, ಮಲಯಾಳಿಗಳು, ಕಾಡಂಚಿನ ಹಾಡಿಯಿಂದ ಬರುವ ಎರವ ಬುಡಕಟ್ಟಿನ ಹುಡುಗರು, ಅಸ್ಸಾಮಿನಿಂದ ಬಂದು ಇಲ್ಲೇ ಕನ್ನಡ ಕಲಿತವರು. ನಾನೇ ಕೊಡವನಲ್ಲ. ಅಪ್ಪ ಪುತ್ತೂರು ಕಡೆಯಿಂದ ಘಟ್ಟ ಹತ್ತಿ ಬಂದು ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರು, ಆದವರು. ಲೀಡರ್‌ಶಿಪ್ ರಕ್ತದಲ್ಲೇ ಬರುವುದಾದರೆ ನಾವೆಲ್ಲ ಎದ್ದು ಮನೆಗೆ ಹೋಗಬೇಕಾಗುತ್ತದೆ, ಅಲ್ವಾ?

ತಮಾಷೆ ಬಿಡಿ. ಆ ಮಾತು ಹೊಗಳಿಕೆಯ ಹಾಗೆ ಕೇಳಿಸಿದರೂ ಅದರಿಂದ ಆಗುವ ನಷ್ಟ ಜಾಸ್ತಿ. ರಕ್ತದಲ್ಲಿ ಇದ್ದದ್ದನ್ನು ಯಾರೂ ಕಲಿಸುವುದಿಲ್ಲ. ಚೆನ್ನಾಗಿ ಕೆಲಸ ಮಾಡುವವನನ್ನು ಹಿಡಿದು ಸೋಮವಾರ ಬೇರೆ ಬಣ್ಣದ ಶರ್ಟ್ ಹಾಕಿಸುತ್ತೇವೆ. ಮಂಗಳವಾರದಿಂದ ಅವನು ಹತ್ತು ಜನರನ್ನು ಸಂಭಾಳಿಸಬೇಕು. ಆಗದಿದ್ದರೆ "ಅವನಿಗೆ ಅದು ಬರಲ್ಲ ಬಿಡಿ" ಎಂದು ಕೈತೊಳೆದುಕೊಳ್ಳುತ್ತೇವೆ.

ಕಾರ್ಯಪ್ಪನವರಿಗೆ ಹಿಡಿದ ಕಾಲ

ಆ ಭಾಷಣಕಾರರು ಹೇಳುವ ಹೆಸರುಗಳನ್ನೇ ತೆಗೆದುಕೊಳ್ಳೋಣ. ಕಾರ್ಯಪ್ಪ ಹುಟ್ಟಿದ್ದು 1899ರಲ್ಲಿ, ಶನಿವಾರಸಂತೆಯಲ್ಲಿ. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದರು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದರು. ಅಲ್ಲಿಗೆ ಹೋದ ಮೊದಲ ಭಾರತೀಯ ಅಧಿಕಾರಿ ಅವರೇ. ಒಂದು ಬೆಟಾಲಿಯನ್, ಅಂದರೆ ನೂರಾರು ಸೈನಿಕರ ಪಡೆ, ಅವರ ಕೈಗೆ ಬಂದದ್ದು 1942ರಲ್ಲಿ. ಸೇನೆಯ ಮುಖ್ಯಸ್ಥರಾದದ್ದು 1949ರ ಜನವರಿ 15ಕ್ಕೆ. ಈಗ ಅದೇ ದಿನವನ್ನು ಸೇನಾ ದಿನ ಅಂತ ಆಚರಿಸುತ್ತೇವೆ. ಹೆಗಲ ಮೇಲೆ ಮೊದಲ ಪಟ್ಟಿ ಬಂದ ಮೇಲೆ ಒಂದು ಬೆಟಾಲಿಯನ್ ನಡೆಸಲು ಇಪ್ಪತ್ತಕ್ಕೂ ಜಾಸ್ತಿ ವರ್ಷ, ಸೇನೆ ನಡೆಸಲು ಹತ್ತಿರ ಹತ್ತಿರ ಮೂವತ್ತು ವರ್ಷ. ಆ ನಡುವೆ ಎರಡು ಸಲವಾದರೂ ಅವರನ್ನು ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂರಿಸಿದ್ದರು.

ತಿಮ್ಮಯ್ಯನವರ ಕಥೆಯೂ ಹೀಗೇ. ಡೆಹ್ರಾಡೂನಿನ ಸೈನಿಕ ಕಾಲೇಜು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್, 1926ರಲ್ಲಿ ಅಧಿಕಾರಿ. ಮೊದಲು ಬೆರಳೆಣಿಕೆಯ ಜನ, ಆಮೇಲೆ ಕಂಪನಿ, ಬೆಟಾಲಿಯನ್, 1945ರಲ್ಲಿ ಯುದ್ಧಭೂಮಿಯಲ್ಲಿ ಬ್ರಿಗೇಡ್. ಮಡಿಕೇರಿಯಲ್ಲಿ ಅವರು ಬೆಳೆದ 'ಸನ್ನಿ ಸೈಡ್' ಮನೆ ಈಗ ಮ್ಯೂಸಿಯಂ. ಹೋದವರು ಹೊರಗೆ ನಿಲ್ಲಿಸಿದ ಯುದ್ಧಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ನನಗೆ ಅವರ ಬದುಕಿನಲ್ಲಿ ಇಷ್ಟವಾಗುವ ಭಾಗವೇ ಬೇರೆ. 1953ರಲ್ಲಿ ಅವರನ್ನು ಕೊರಿಯಾಕ್ಕೆ ಕಳಿಸಿದರು. ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ ಸಾವಿರಾರು ಯುದ್ಧಕೈದಿಗಳ ವಿಷಯ ಇತ್ಯರ್ಥ ಮಾಡುವ ತಟಸ್ಥ ದೇಶಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ನಿವೃತ್ತಿಯಾದ ಮೇಲೆ 1964ರಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರು. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಎರಡೂ ಕಡೆ ಅವರು ಹೇಳಿದ್ದನ್ನು ಕೇಳಲೇಬೇಕೆಂಬ ಹಂಗು ಎದುರಿಗಿದ್ದವರಿಗೆ ಇರಲಿಲ್ಲ. ಆರ್ಡರ್ ಕೊಟ್ಟರೆ ನಡೆಯುವ ಜಾಗವಲ್ಲ ಅದು. ಕೂತು ಕೇಳಬೇಕು, ಒಪ್ಪಿಸಬೇಕು, ಬೈಸಿಕೊಳ್ಳಬೇಕು.

ನಾವು ಮಿಲಿಟರಿಯಿಂದ ಏನನ್ನು ತಂದುಕೊಂಡೆವು? ಗಂಟಲು. ಅಷ್ಟೇ. ನಮ್ಮ ಕಡೆ ರಿಟೈರ್ಡ್ ಫೌಜಿಗಳನ್ನು ಸೆಕ್ಯೂರಿಟಿಗೋ ಮೇಲುಸ್ತುವಾರಿಗೋ ಸೇರಿಸಿಕೊಳ್ಳುವ ರೂಢಿ ಇದೆ. ಅವರಲ್ಲಿ ಒಳ್ಳೆಯವರು ಎಷ್ಟೋ ಜನ. ಅವರು ಕೂಗುವುದೇ ಅಪರೂಪ, ಗಮನಿಸಿ ನೋಡಿ. ಸಿಪಾಯಿಯ ಬೂಟು ಕಚ್ಚುತ್ತಿದೆಯಾ, ಊಟ ಆಯಿತಾ, ಮನೆಗೆ ಕಾಗದ ಬರೆದನಾ ಅಂತ ನೋಡಿ ಅಭ್ಯಾಸವಿದ್ದವರು. ಕೂಗುವುದು ಮಿಲಿಟರಿ ನೋಡದೇ ಇರುವ ನಮ್ಮ ಹುಡುಗರು. ಮಿಲಿಟರಿ ಅಂದರೆ ಹೀಗೇ ಇರುತ್ತದೆ ಅಂತ ಅವರಿಗೆ ಯಾರೋ ಹೇಳಿದ್ದಾರೆ.

ತೋಟದಿಂದ ಬಂದ ಇನ್ನೊಂದು ಚಾಳಿ ಇದೆ. ಇಲ್ಲಿ ಕಾಫಿ ತೋಟ ಶುರುವಾಗಿದ್ದು 1850ರ ದಶಕದಲ್ಲಿ, ಇಂಗ್ಲಿಷರ ಕೈಯಲ್ಲಿ. ಮೇಲೆ ದೊರೆ, ಅವನ ಕೆಳಗೆ ರೈಟರು, ಅವನ ಕೆಳಗೆ ಮೇಸ್ತ್ರಿ, ಎಲ್ಲರ ಕೆಳಗೆ ಆಳುಗಳು. ಮುಂಗಡ ಕೊಟ್ಟು ಕರೆತಂದ ಜನ ತೋಟದಲ್ಲೇ ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ ಇರುತ್ತಿದ್ದರು. ಅವರಿಗೆ ಹೋಗಲು ಬೇರೆ ಜಾಗ ಇರಲಿಲ್ಲ. ಹೆದರಿಸಿದರೆ ಕೆಲಸ ನಡೆಯುತ್ತಿತ್ತು. ಈಗ ಬೆಳಗ್ಗೆ ಏಳು ಗಂಟೆಗೆ ಸಿದ್ದಾಪುರದ ಬಸ್ ಸ್ಟ್ಯಾಂಡ್ ಹತ್ತಿರ ನಿಂತು ನೋಡಿ. ಜೀಪು, ಪಿಕಪ್ಪುಗಳು ಕೆಲಸಗಾರರನ್ನು ಹತ್ತಿಸಿಕೊಳ್ಳಲು ಕಾಯುತ್ತಿರುತ್ತವೆ. ಯಾವ ತೋಟಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡುವವರು ಕೆಲಸಗಾರರೇ. ಒಂದು ತೋಟದಲ್ಲಿ ಮೇಸ್ತ್ರಿ ಬಾಯಿ ಕೆಟ್ಟದು ಅಂತಾದರೆ ನಾಳೆ ಬೇರೆ ಜೀಪು. ಸಾವ್ಕಾರರು "ಜನ ಸಿಗ್ತಿಲ್ಲ, ಜನ ಸಿಗ್ತಿಲ್ಲ" ಅನ್ನುತ್ತಾರೆ. ಪಕ್ಕದ ತೋಟಕ್ಕೆ ಸಿಗುತ್ತಿದ್ದಾರಲ್ಲ ಮಾರಾಯರೇ!

ತೂಕದ ಹೊತ್ತು

ಹೆದರಿಸದೆ ಕೆಲಸ ತೆಗೆಯುವುದನ್ನು ನಾನು ಮೊದಲು ನೋಡಿದ್ದು ಅಪ್ಪನಲ್ಲಿ. ಅವರೇನು ದೊಡ್ಡ ಮಾತುಗಾರರಲ್ಲ. ಮನೆಯಲ್ಲಂತೂ ಮಾತೇ ಕಡಿಮೆ.

ರೊಬಸ್ಟಾ ಕೊಯ್ಲಿನ ಕಾಲ, ಜನವರಿ ಕಡೆ. ಸಂಜೆ ನಾಲ್ಕರ ಹೊತ್ತಿಗೆ ಹಣ್ಣಿನ ಚೀಲ ಹೊತ್ತು ಎಲ್ಲರೂ ರಸ್ತೆಬದಿಗೆ ಬರುತ್ತಿದ್ದರು. ಸಿಲ್ವರ್ ಮರದ ಕೊಂಬೆಗೆ ದುಂಡು ಡಯಲಿನ ತಕ್ಕಡಿ ತೂಗುಹಾಕಿರುತ್ತಿದ್ದರು. ಶಾಲೆಯಿಂದ ಬಂದ ನಾನು ಅಲ್ಲೇ ಚೀಲದ ರಾಶಿ ಮೇಲೆ ಕೂತಿರುತ್ತಿದ್ದೆ. ಅಪ್ಪ ಪ್ರತಿ ಚೀಲ ಕೊಕ್ಕೆಗೆ ಸಿಕ್ಕಿಸಿದ ಮೇಲೆ ತಕ್ಕಡಿಯ ಮುಖವನ್ನು ಚೀಲ ತಂದವರ ಕಡೆ ತಿರುಗಿಸುತ್ತಿದ್ದರು. ಮುಳ್ಳು ನಿಲ್ಲುವ ತನಕ ಕಾಯುತ್ತಿದ್ದರು. ಆಮೇಲೆ ಜೋರಾಗಿ ಕೆ.ಜಿ. ಹೇಳಿ ಕೂಲಿ ಲೆಕ್ಕದ ಪುಸ್ತಕ ಚೆಕ್‌ರೋಲಿನಲ್ಲಿ ಬರೆಯುತ್ತಿದ್ದರು. ಎಲೆ, ಕಡ್ಡಿಗೆ ಎಷ್ಟು ಕಳೆಯುತ್ತೇನೆ ಅಂತ ಅದನ್ನೂ ಜೋರಾಗಿಯೇ ಹೇಳುತ್ತಿದ್ದರು. ಓದು ಬಾರದ ಹೆಂಗಸರಿಗೂ ಆ ಮುಳ್ಳು ಎಲ್ಲಿ ನಿಂತರೆ ಎಷ್ಟು ಅಂತ ಗೊತ್ತಿತ್ತು. ಪಕ್ಕದ ತೋಟದ ರೈಟರು ತಕ್ಕಡಿಯನ್ನು ತನ್ನ ಕಡೆಗೇ ತಿರುಗಿಸಿಕೊಂಡು, ಬಾಯಲ್ಲಿ ಏನೋ ಗೊಣಗಿ ಬರೆಯುತ್ತಿದ್ದ. ಅವನು ಮೋಸ ಮಾಡುತ್ತಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಆದರೆ ಅಲ್ಲಿ ದಿನಾ ಜಗಳ.

ಒಂದು ಸಂಜೆ ಒಬ್ಬಾಕೆಯ ಚೀಲದಲ್ಲಿ ಹಸಿರು ಕಾಯಿ ತುಂಬ ಇತ್ತು. ಕೆ.ಜಿ. ಲೆಕ್ಕದ ಕೊಯ್ಲಿನಲ್ಲಿ ಇದು ಮಾಮೂಲಿ. ಕೈ ಓಡಬೇಕು ಅಂದರೆ ಗೊಂಚಲನ್ನು ಪೂರ್ತಿ ಎಳೆಯುತ್ತಾರೆ. ಹಣ್ಣು, ಕಾಯಿ, ಎಲೆ, ಕೆಲವೊಮ್ಮೆ ರೆಕ್ಕೆಯೂ, ಅಂದರೆ ಗಿಡದ ಅಡ್ಡ ಕೊಂಬೆಯೂ, ಕಿತ್ತು ಬರುತ್ತದೆ. ದಿನಗೂಲಿ ಲೆಕ್ಕದಲ್ಲಾದರೆ ಗಿಡಕ್ಕೆ ಒಂಚೂರೂ ನೋವಾಗುವುದಿಲ್ಲ, ಹಣ್ಣೂ ಗಿಡದಲ್ಲೇ ಇರುತ್ತದೆ! ಅಪ್ಪ ಚೀಲ ನೋಡಿದರು, ತೂಕ ಹೇಳಿದರು, ಬರೆದರು. ಏನೂ ಅನ್ನಲಿಲ್ಲ. ಪಕ್ಕದಲ್ಲಿದ್ದ ಮೇಸ್ತ್ರಿ ಬಾಯಿ ತೆರೆಯುವಷ್ಟರಲ್ಲಿ ಕಣ್ಣಲ್ಲೇ ಸುಮ್ಮನಿರಿಸಿದರು. ಮಾರನೇ ದಿನ ಭಾನುವಾರ ಇರಬೇಕು, ನಾನೂ ಜೊತೆಗೆ ಹೋಗಿದ್ದೆ. ಅಪ್ಪ ಬೆಳಗ್ಗೆಯೇ ಆಕೆಯ ಸಾಲಿಗೆ ಹೋದರು. ಆಕೆಯ ಜೊತೆ ನಿಂತು ತಾವೂ ಒಂದು ಗಿಡ ಕೊಯ್ದರು. ಒಂದು ಹಿಡಿ ಹಸಿ ಕಾಯಿ ಆಕೆಯ ಅಂಗೈಗೆ ಹಾಕಿ, "ಇದು ಒಣಗಿದರೆ ಕಪ್ಪಾಗಿ ಮುದುಡುತ್ತೆ. ಕಣದಲ್ಲಿ ಹೆಕ್ಕುವುದು ಮತ್ತೆ ನಿಮ್ಮವರೇ" ಅಂದರು. ಆಕೆ ತನ್ನ ಮಗುವಿಗೆ ಜ್ವರ ಇತ್ತು, ಬೇಗ ಮುಗಿಸಬೇಕಿತ್ತು ಅಂದಳು. ಅಪ್ಪ ಮಗುವಿನ ಬಗ್ಗೆ ಕೇಳಿದರು. ಅಷ್ಟೇ. ಇಬ್ಬರೂ ಕೊಯ್ಯುತ್ತಲೇ ಮಾತಾಡಿದ್ದು.

ಈಗ ತರಬೇತಿಗಳಲ್ಲಿ ಹೊಗಳುವುದು ಎಲ್ಲರೆದುರು, ತಿದ್ದುವುದು ಒಬ್ಬರೇ ಇದ್ದಾಗ ಅಂತ ಹೇಳಿಕೊಡುತ್ತಾರೆ. ಸರಿಯೇ. ಆದರೆ ಅಪ್ಪ ಮಾಡಿದ್ದರಲ್ಲಿ ಇನ್ನೂ ಒಂದು ಇತ್ತು. ಸಂಜೆ ದಣಿದಾಗ, ದುಡ್ಡಿನ ಲೆಕ್ಕ ನಡೆಯುವಾಗ ಹೇಳಿದರೆ ಅದು ಜಗಳವೇ ಆಗುತ್ತದೆ. ಬೆಳಗ್ಗೆ, ಕೆಲಸ ಇನ್ನೂ ಶುರುವಾಗುವಾಗ, ತಿದ್ದಿಕೊಳ್ಳಲು ಇಡೀ ದಿನ ಮುಂದಿರುವಾಗ ಹೇಳಿದರು. ತುಂಬ ತಡವೂ ಮಾಡಲಿಲ್ಲ. ವಾರ ಬಿಟ್ಟು ಹೇಳಿದ್ದರೆ ಆಕೆಗೆ ನೆನಪೂ ಇರುತ್ತಿರಲಿಲ್ಲ.

ಇಪ್ಪತ್ತೆರಡರ ಹುಡುಗಿ, ಐವತ್ತರ ಅಕ್ಕಂದಿರು

ಈಗ ರೆಸಾರ್ಟಿಗೆ ಬರೋಣ. ನಮ್ಮಲ್ಲಿ ಒಬ್ಬ ಹುಡುಗಿ ಹೌಸ್‌ಕೀಪಿಂಗಿಗೆ ಸೇರಿದ್ದಳು. ಮೊದಲು ಲಾಂಡ್ರಿ, ಆಮೇಲೆ ರೂಮು. ಕೊಡಗಿನ ಮಳೆಗಾಲದಲ್ಲಿ ಲಾಂಡ್ರಿ ನೋಡಿಕೊಂಡವರಿಗೆ ನಾನು ಕೈಮುಗಿಯುತ್ತೇನೆ. ಜೂನ್‌ನಿಂದ ಮೂರು ತಿಂಗಳು ಒಂದು ಬೆಡ್‌ಶೀಟ್ ತಾನಾಗಿ ಒಣಗುವುದಿಲ್ಲ. ಅವಳು ಹಾಸಿದ ಹಾಸಿಗೆ ನೋಡಿದರೆ ಕೂರಲು ಮನಸ್ಸಾಗುತ್ತಿರಲಿಲ್ಲ, ಅಷ್ಟು ನೀಟು. ಸಹಜವಾಗಿ ಅವಳನ್ನು ಸೂಪರ್‌ವೈಸರ್ ಮಾಡಿದರು. ಮಾಡಿದವರು ಆಗಿನ ಮ್ಯಾನೇಜರ್.

ಕೆಲವೇ ವಾರದಲ್ಲಿ ಅವಳು ಸೊರಗಿ ಹೋದಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವುದು, ರಾತ್ರಿ ಎಲ್ಲರಿಗಿಂತ ಕೊನೆಗೆ ಹೋಗುವುದು. ಹನ್ನೊಂದಕ್ಕೆ ಚೆಕ್‌ಔಟ್, ಎರಡಕ್ಕೆ ಚೆಕ್‌ಇನ್. ಆ ಮೂರು ಗಂಟೆ ನಮ್ಮಲ್ಲಿ ಯುದ್ಧ. ಅವಳ ತಂಡದಲ್ಲಿ ಹೆಚ್ಚಿನವರು ಐವತ್ತು ದಾಟಿದ ಹೆಂಗಸರು. ಅವಳದೇ ಊರಿನವರು, ಚಿಕ್ಕಂದಿನಲ್ಲಿ ಅವಳನ್ನು ಎತ್ತಿ ಆಡಿಸಿದವರು. ಅವರು ಮುಗಿಸಿದ ರೂಮಿಗೆ ಇವಳು ಹೋಗಿ ಬಾತ್‌ರೂಮ್ ಮತ್ತೆ ಉಜ್ಜುತ್ತಿದ್ದಳು, ಶೀಟು ಮತ್ತೆ ಎಳೆದು ಹಾಸುತ್ತಿದ್ದಳು. ಅವರಿಗೆ ಹೇಳುತ್ತಿರಲಿಲ್ಲ. ಅವರು ಹೊರಗೆ ನಿಂತು ನೋಡುತ್ತಿದ್ದರು. ಮೊದಲು ಸಂಕೋಚದಿಂದ, ಆಮೇಲೆ ಸಂಕೋಚವೂ ಇಲ್ಲದೆ. ಹೇಗೂ ಇವಳೇ ಮಾಡುತ್ತಾಳಲ್ಲ!

ಅವಳ ಜೊತೆ ಕೂತಾಗ ಅವಳು ಹೇಳಿದ್ದು: "ನನಗೆ ಅವರಿಗೆ ಹೇಳೋಕೆ ಬಾಯಿ ಬರಲ್ಲ ಸರ್. ಹೇಳಿದ್ರೆ 'ನಿನ್ನೆ ಮೊನ್ನೆ ಬಂದವಳು' ಅಂತಾರೆ. ಮತ್ತೆ ಸಂಜೆ ಅದೇ ದಾರೀಲಿ ಒಟ್ಟಿಗೇ ನಡ್ಕೊಂಡು ಹೋಗ್ಬೇಕು." ಈ ಕೊನೆಯ ಮಾತಿಗೆ ಯಾವ ತರಬೇತಿಯ ಸ್ಲೈಡಿನಲ್ಲೂ ಉತ್ತರ ಇಲ್ಲ. ಬೆಂಗಳೂರಿನಲ್ಲಾದರೆ ಆಫೀಸು ಮುಗಿದ ಮೇಲೆ ಒಬ್ಬೊಬ್ಬರದು ಒಂದೊಂದು ಮೆಟ್ರೋ. ನಮ್ಮಲ್ಲಿ ಬಾಸು, ಕೈಕೆಳಗಿನವರು ಎಲ್ಲ ಒಂದೇ ಮದುವೆಗೆ ಹೋಗುತ್ತಾರೆ, ಒಂದೇ ಸಾವಿಗೆ ಹೋಗುತ್ತಾರೆ.

ಮೊದಲು ಮಾಡಿದ್ದು ಅವಳ ಹೊರೆ ಇಳಿಸುವುದು. ಎಲ್ಲ ಕಾಟೇಜುಗಳ ಬದಲು ತೋಟದ ಬದಿಯ ಒಂದು ಸಾಲು ಮಾತ್ರ, ಮೂರೇ ಜನ. ಉಳಿದದ್ದನ್ನು ಹಳೆಯ ಸೂಪರ್‌ವೈಸರೇ ನೋಡಿಕೊಳ್ಳಲಿ. ಮ್ಯಾನೇಜರಿಗೆ ಇದು ಹಿಂಬಡ್ತಿಯ ಹಾಗೆ ಕಂಡಿತು. ಸಂಬಳ ಇಳಿಸುವುದಿಲ್ಲ ಅಂತ ಅವಳಿಗೆ ಹೇಳಿಯೇ ಮಾಡಿದೆವು. ಇನ್ನೊಂದು, ಮುಗಿದ ರೂಮನ್ನು ಅವಳು ಒಬ್ಬಳೇ ನೋಡುವಂತಿಲ್ಲ. ಮಾಡಿದವರ ಜೊತೆಗೇ ನೋಡಬೇಕು. ಅವಳ ಕೈ ಯಾವುದನ್ನೂ ಮುಟ್ಟಕೂಡದು. ಇದು ಅವಳಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಕೈಯನ್ನು ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಒಂದು ದಿನ ನಾನು ಬಾಗಿಲ ಹೊರಗೆ ಇದ್ದೆ. ಒಳಗೆ ಅವಳು, ತಂಡದ ಹಿರಿಯಾಕೆ. ಸ್ವಲ್ಪ ಹೊತ್ತು ಇಬ್ಬರ ಮಾತೂ ಇಲ್ಲ. ಆಮೇಲೆ ಅವಳ ದನಿ: "ಅಕ್ಕ, ಇಲ್ಲಿ ಬನ್ನಿ. ಗೆಸ್ಟ್ ಬಂದ ತಕ್ಷಣ ಮುಖ ತೊಳೆಯೋಕೆ ಇಲ್ಲಿ ನಿಲ್ತಾರೆ. ಇಲ್ಲಿಂದ ಏನು ಕಾಣ್ಸುತ್ತೆ ನೋಡಿ." ಆಕೆ ಬಂದು ನಿಂತಿರಬೇಕು. "ನಲ್ಲಿ ಹಿಂದೆ ಕೂದಲಿದೆ" ಎಂದು ಆಕೆಯೇ ಹೇಳಿದ್ದು ಕೇಳಿಸಿತು. ಆಮೇಲೆ ನೀರಿನ ಸದ್ದು. "ನಿಮಗೆ ಕಣ್ಣು ಕಾಣಲ್ವಾ" ಅನ್ನಬಹುದಿತ್ತು. ನಮ್ಮ ಎಷ್ಟೋ ಸೂಪರ್‌ವೈಸರುಗಳು ಅದನ್ನೇ ಅನ್ನುವುದು. "ಕೂದಲಿದೆ" ಅನ್ನುವುದಕ್ಕೂ "ನೀವು ಸರಿಯಿಲ್ಲ" ಅನ್ನುವುದಕ್ಕೂ ನಡುವೆ ಇರುವ ಅಂತರವನ್ನು ಅವಳು ತಾನಾಗಿಯೇ ಕಂಡುಕೊಂಡಳು. ಅಷ್ಟೇ ಅಲ್ಲ, ಹಿರಿಯಾಕೆಯನ್ನು ಗೆಸ್ಟ್ ನಿಲ್ಲುವ ಜಾಗದಲ್ಲಿ ನಿಲ್ಲಿಸಿದಳು. ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಗೂಗಲ್ ಕಂಪನಿಯವರು 2008ರ ಸುಮಾರಿಗೆ ಮ್ಯಾನೇಜರುಗಳಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ತಮ್ಮಲ್ಲೇ ಒಂದು ಅಧ್ಯಯನ ಶುರು ಮಾಡಿದರು. ಪ್ರಾಜೆಕ್ಟ್ ಆಕ್ಸಿಜನ್ ಅಂತ ಹೆಸರು. ಒಳ್ಳೆಯ ಮ್ಯಾನೇಜರಿನ ಎಂಟು ಗುಣಗಳ ಪಟ್ಟಿ ಬಂತು. ಜೊತೆಗಿದ್ದು ಕಲಿಸುವುದು ಮೊದಲನೆಯದು. ಕೆಲಸದ ತಾಂತ್ರಿಕ ಜ್ಞಾನ ಎಂಟನೆಯದು, ಅಂದರೆ ಕೊನೆಯದು. ಇಂಜಿನಿಯರುಗಳೇ ತುಂಬಿದ ಕಂಪನಿಯಲ್ಲೇ ಹೀಗೆ. ಪಟ್ಟಿಯಲ್ಲಿ ಅದು ಇದೆ ಅನ್ನುವುದನ್ನೂ ಮರೆಯಬಾರದು. ನೀಟಾಗಿ ಹಾಸಿಗೆ ಹಾಸಲು ಬಾರದವಳಾಗಿದ್ದರೆ ನಮ್ಮ ಹುಡುಗಿಯ ಮಾತನ್ನು ಆ ಅಕ್ಕ ಕೇಳುತ್ತಿರಲಿಲ್ಲ.

ಹುತ್ತರಿಗೆ ಯಾರಿಗೆ ರಜೆ?

ಜನ ತಮ್ಮ ಬಾಸನ್ನು ಅಳೆಯುವುದು ಅವರ ಭಾಷಣದಿಂದಲ್ಲ, ಡ್ಯೂಟಿ ಪಟ್ಟಿಯಿಂದ. ನೋಟಿಸ್ ಬೋರ್ಡಿನಲ್ಲಿ ಕಂಪನಿಯ ಧ್ಯೇಯವಾಕ್ಯ ಇರುತ್ತದೆ, ಯಾರೂ ಓದುವುದಿಲ್ಲ. ಪಕ್ಕದಲ್ಲಿ ಮುಂದಿನ ತಿಂಗಳ ಪಟ್ಟಿ ಹಚ್ಚಿದರೆ ಐದು ನಿಮಿಷದಲ್ಲಿ ಅಡುಗೆಮನೆಯವರೆಗೆ ಸುದ್ದಿ. ಯಾರಿಗೆ ಭಾನುವಾರ ರಜೆ, ಯಾರಿಗೆ ಮೂರು ವಾರ ಸತತ ರಾತ್ರಿ ಪಾಳಿ, ಯಾರು ಮ್ಯಾನೇಜರಿನ ಊರಿನವರು, ಎಲ್ಲ ಅದರಲ್ಲಿ ಕಾಣುತ್ತದೆ.

ನಮ್ಮಲ್ಲಿ ಇದು ಸುಲಭದ ಕೆಲಸವಲ್ಲ. ಸೆಪ್ಟೆಂಬರಿನಲ್ಲಿ ಕೊಡಗಿನ ಆಯುಧಪೂಜೆ ಕೈಲ್ ಪೊಳ್ದ್, ಅಕ್ಟೋಬರಿನಲ್ಲಿ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ. ನವೆಂಬರ್-ಡಿಸೆಂಬರಿನಲ್ಲಿ ಸುಗ್ಗಿಯ ಹಬ್ಬ ಹುತ್ತರಿ. ಅದರ ದಿನ, ಗಳಿಗೆ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಶ್ಚಯವಾಗಬೇಕು. ಅಲ್ಲಿಯತನಕ ಪಟ್ಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಕ್ರಿಸ್‌ಮಸ್, ರಂಜಾನ್, ಓಣಂ ಬೇರೆ. ಅಸ್ಸಾಮಿನ ಹುಡುಗರಿಗೆ ವಾರದ ರಜೆಯಿಂದ ಏನೂ ಪ್ರಯೋಜನ ಇಲ್ಲ. ಅವರಿಗೆ ಊರಿಗೆ ಹೋಗಲೇ ದಿನಗಟ್ಟಲೆ ರೈಲು. ವರ್ಷಕ್ಕೊಮ್ಮೆ ಒಂದು ಉದ್ದ ರಜೆ ಬೇಕು, ಅದೂ ಬಿಹುವಿಗೆ. ಇದೆಲ್ಲ ಸಾಲದು ಅಂತ ಕಾಫಿ ಕೊಯ್ಲು ಬಂದರೆ ಅರ್ಧ ಹೆಂಗಸರು "ಸರ್, ಸ್ವಲ್ಪ ದಿನ ಬರಲ್ಲ" ಅನ್ನುತ್ತಾರೆ. ಕಾಫಿ ರೇಟು ಏರಿದ ಮೇಲಂತೂ ಕೊಯ್ಲಿನಲ್ಲಿ ಕೈ ಚುರುಕಿದ್ದವರಿಗೆ ನಮ್ಮ ಸಂಬಳಕ್ಕಿಂತ ಜಾಸ್ತಿ ಸಿಗುತ್ತದೆ. ಅವರನ್ನು ತಡೆಯಲು ಹೋದ ರೆಸಾರ್ಟುಗಳು ಅವರನ್ನು ಪೂರ್ತಿ ಕಳೆದುಕೊಂಡವು. ಮೊದಲೇ ಕೇಳಿ ಬರೆದಿಟ್ಟುಕೊಂಡರೆ ಸರದಿಯಲ್ಲಿ ಕಳಿಸಬಹುದು.

ಈಗ ನಮ್ಮಲ್ಲಿ ಹೋದ ವರ್ಷ ಹುತ್ತರಿಗೆ ಕೆಲಸ ಮಾಡಿದವರಿಗೆ ಈ ವರ್ಷ ಮೊದಲ ಆಯ್ಕೆ. ಅದು ಒಂದು ಪುಸ್ತಕದಲ್ಲಿ ಇದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಪಾಳಿ ಅದಲುಬದಲು ಮಾಡಿಕೊಳ್ಳುವುದಾದರೆ ಅವರವರೇ ಮಾಡಿಕೊಳ್ಳಲಿ, ಸೂಪರ್‌ವೈಸರಿಗೆ ಒಂದು ಮಾತು ಹೇಳಿದರೆ ಸಾಕು. ತಕ್ಕಡಿಯ ಮುಖ ಅವರ ಕಡೆ ತಿರುಗಿಸಿದ ಹಾಗೆ ಇದು. ರಜೆಯ ಜಗಳ ಪೂರ್ತಿ ನಿಂತಿಲ್ಲ. ಆದರೆ "ನಿಮಗೆ ಬೇಕಾದವರಿಗೆ ಕೊಟ್ರಿ" ಅನ್ನುವ ಮಾತು ನಿಂತಿದೆ.

ಇಲ್ಲೇ ಆನೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಹೊರಗಿನಿಂದ ಬಂದ ಒಬ್ಬ ತರಬೇತುದಾರ ಸಮಯಪಾಲನೆಯ ಬಗ್ಗೆ ಉದ್ದ ಭಾಷಣ ಮಾಡಿದ. ಹಿಂದಿನ ಸಾಲಿನ ಹೆಂಗಸೊಬ್ಬರು ಎದ್ದು ಕೇಳಿದರು: "ದಾರೀಲಿ ಆನೆ ನಿಂತ್ರೆ ಏನ್ಮಾಡೋದು?" ಅವನು ನಕ್ಕ. ನಮ್ಮವರು ಯಾರೂ ನಗಲಿಲ್ಲ. ನಮ್ಮ ಕಡೆ ಬೆಳಗಿನ ಹೊತ್ತು ತೋಟದ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತವರಿದ್ದಾರೆ. ಆರು ಗಂಟೆಯ ಪಾಳಿಗೆ ಕತ್ತಲಲ್ಲೇ ನಡೆದು ಬರಬೇಕಿತ್ತು. ಆ ಪಾಳಿಯನ್ನು ಬೆಳಕು ಹರಿದ ಮೇಲಕ್ಕೆ ತಳ್ಳಿ, ಮುಂಜಾನೆಯ ಕಾಫಿ-ಟೀ ಕೆಲಸವನ್ನು ಕ್ವಾರ್ಟರ್ಸಿನಲ್ಲೇ ಇರುವ ಹುಡುಗರಿಗೆ ಕೊಟ್ಟೆವು. ಅದಾದ ಮೇಲೆ ತಡವಾಗಿ ಬರುವವರ ಸಂಖ್ಯೆ ತಾನಾಗಿಯೇ ಇಳಿಯಿತು. ಯಾರಿಗೂ ಮೆಮೊ ಕೊಡಬೇಕಾಗಲಿಲ್ಲ.

ಕೆಟ್ಟ ಸುದ್ದಿ ತರುವವರು

ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ಕಂಡವರಿಗೆ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿ, ಕುಸಿಯುವುದು ಅಂದರೆ ಏನು ಅಂತ ವಿವರಿಸಬೇಕಿಲ್ಲ. ಅದಾದ ಮೇಲೆ ಮಳೆ ಜೋರಾದರೆ ನಾವೆಲ್ಲ ಬರೆಯ ಮೇಲೆ ಕಣ್ಣಿಟ್ಟಿರುತ್ತೇವೆ. ಆಮೇಲಿನ ಒಂದು ಜುಲೈಯಲ್ಲಿ ನಮ್ಮ ತೋಟದ ಕೆಲಸದವನೊಬ್ಬ ಆಫೀಸಿಗೆ ಬಂದ. ಮಾತು ಕಡಿಮೆ ಮನುಷ್ಯ. ಮೇಲಿನ ಕಾಟೇಜಿನ ಹಿಂದೆ ಮಣ್ಣು ಬಿರಿದಿದೆ, ಚರಂಡಿಯ ನೀರು ಕೆಂಪಾಗಿ ಬರುತ್ತಿದೆ ಅಂದ. ಕಾಟೇಜು ಭರ್ತಿ ಇತ್ತು, ಶನಿವಾರ ಬೇರೆ. ಖಾಲಿ ಮಾಡಿಸಿದೆವು. ಗೆಸ್ಟುಗಳ ಸಿಟ್ಟು ನೋಡಬೇಕಿತ್ತು. ಬರೆ ಪೂರ್ತಿ ಕುಸಿಯಲಿಲ್ಲ, ಒಂದಷ್ಟು ಮಣ್ಣು ಜಾರಿ ಹಿಂದಿನ ಗೋಡೆಗೆ ಬಂದು ನಿಂತಿತು. ಅವನು ಯಾಕೆ ಬಂದು ಹೇಳಿದ ಅಂತ ಆಮೇಲೆ ಯೋಚಿಸಿದ್ದೇನೆ. ಅದಕ್ಕೂ ಹಿಂದಿನ ವರ್ಷ ಅವನು ಒಂದು ಮರ ಬೀಳಬಹುದು ಅಂದಿದ್ದ. ನೋಡಿದರೆ ಮರ ಗಟ್ಟಿಯಾಗಿತ್ತು. ಆಗ ಅವನ ಮೇಲಿನವರು ತಮಾಷೆ ಮಾಡಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಅಂದರು. ಆವತ್ತು ನಕ್ಕಿದ್ದರೆ ಜುಲೈಯಲ್ಲಿ ಅವನು ಬರುತ್ತಿರಲಿಲ್ಲ.

ಹಾರ್ವರ್ಡಿನಲ್ಲಿ ಏಮಿ ಎಡ್ಮಂಡ್‌ಸನ್ ಅಂತ ಒಬ್ಬ ಪ್ರಾಧ್ಯಾಪಕಿ ಇದ್ದಾರೆ. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಜಾಸ್ತಿ ದಾಖಲಾಗಿತ್ತು. ಆಮೇಲೆ ಕಾರಣ ತಿಳಿಯಿತು: ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ. ಉಳಿದ ಕಡೆ ಮುಚ್ಚಿಡುತ್ತಿದ್ದರು. ಹಾಗಾಗಿ ಒಬ್ಬ ಸೂಪರ್‌ವೈಸರು "ನನ್ನ ಸೆಕ್ಷನ್‌ನಲ್ಲಿ ಏನೂ ಪ್ರಾಬ್ಲಮ್ ಇಲ್ಲ ಸರ್" ಅಂದರೆ ನನಗೆ ಖುಷಿಯಾಗುವುದಿಲ್ಲ.

ಮುಂದಿನವರು

ಆ ಹುಡುಗಿ ಈಗ ಇಡೀ ಹೌಸ್‌ಕೀಪಿಂಗ್ ನೋಡಿಕೊಳ್ಳುತ್ತಾಳೆ. ಒಂದು ಸಾಲಿನಿಂದ ಎರಡು ಸಾಲು, ಆಮೇಲೆ ಎಲ್ಲ. ಇಷ್ಟಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಹಾಸಿಗೆ ಹಾಸುವ ಆಸೆ ಇನ್ನೂ ಹೋಗಿಲ್ಲ. ಯಾರಾದರೂ ರಜೆ ಹಾಕಿದರೆ ಅವಳಿಗೆ ಒಳಗೊಳಗೇ ಖುಷಿ. ಹೊಸಬರು ಬಂದರೆ ಮೊದಲ ದಿನ ತನ್ನ ಜೊತೆಗೆ ಊಟಕ್ಕೆ ಕೂರಿಸಿಕೊಳ್ಳುತ್ತಾಳೆ. ಕೂಗುವುದಿಲ್ಲ ಅಂತಲ್ಲ. ಲಾಂಗ್ ವೀಕೆಂಡಿನಲ್ಲಿ, ಮಡಿಕೇರಿಯ ರಾಜಾಸೀಟಿನ ರಸ್ತೆಯೆಲ್ಲ ಕಾರು ತುಂಬಿದ ದಿನಗಳಲ್ಲಿ, ಅವಳ ವಾಕಿಟಾಕಿಯ ದನಿ ನನಗೂ ಕೇಳಿಸಿದೆ. ಆದರೆ ಸಂಜೆ ಹೋಗಿ "ಅಕ್ಕ, ಆಗ ಜೋರು ಮಾಡಿದೆ" ಅಂತ ಹೇಳಿ ಬರುತ್ತಾಳೆ. ದಾರಿ ಒಂದೇ ಅಲ್ವಾ.

ಈ ವರ್ಷ ಇನ್ನೊಬ್ಬರನ್ನು ಅದೇ ರೀತಿ ತಯಾರು ಮಾಡಬೇಕು ಅಂದಾಗ ಮಾಲೀಕರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಅರ್ಧ ಕೆಲಸಕ್ಕೆ ಪೂರ್ತಿ ಸಂಬಳ ಯಾಕೆ? ಕಲಿತ ಮೇಲೆ ಮೈಸೂರಿಗೋ ಕುವೈತಿಗೋ ಹೋದರೆ? ಹೋಗಬಹುದು. ಹಿಂದೆ ಒಬ್ಬ ಹೋಗಿದ್ದಾನೆ. ಆದರೆ ಸುಮ್ನೆ ಶರ್ಟ್ ಬದಲಾಯಿಸಿ ನಿಲ್ಲಿಸಿದ ಸೂಪರ್‌ವೈಸರ್ ಇದ್ದಾಗ ಆ ಸೆಕ್ಷನ್ನಿನಿಂದ ಬಿಟ್ಟುಹೋದವರ ಜಾಗಕ್ಕೆ ಜನ ಹುಡುಕಲು, ಅವರಿಗೆ ಕೆಲಸ ಕಲಿಸಲು ಏನು ಖರ್ಚಾಯಿತು ಅನ್ನುವ ಲೆಕ್ಕವನ್ನು ಅವರ ಮುಂದಿಟ್ಟೆ. ಲೆಕ್ಕ ಅವರಿಗೆ ಅರ್ಥವಾಗುತ್ತದೆ. ಒಪ್ಪಿದರು.

ಉಳಿದದ್ದು ಇನ್ನೊಂದು ತಕರಾರು. ಅವಳು ಆರಿಸಿದ್ದು ಅಸ್ಸಾಮಿನ ಒಬ್ಬ ಹುಡುಗನನ್ನು. ಲಾಂಡ್ರಿಯಲ್ಲಿ ಇದ್ದಾನೆ, ಜಗಳ ಬಿಡಿಸುವುದರಲ್ಲಿ ಜಾಣ. "ಊರಿನವರು ಇರುವಾಗ ಅವನ ಕೈಕೆಳಗೆ ಕೆಲಸ ಮಾಡೋದಾ?" ಅಂತ ಇಬ್ಬರು ಆಗಲೇ ನನ್ನ ಹತ್ತಿರ ಬಂದು ಹೋಗಿದ್ದಾರೆ. ಅವರ ಮಾತು ನನಗೆ ಹಿಡಿಸಲಿಲ್ಲ, ಆದರೆ ಬಂದು ಹೇಳಿದರಲ್ಲ ಅನ್ನುವುದು ಸಮಾಧಾನ. ಅವಳಿಗೆ ಈ ವಿಷಯ ಹೇಳಿದೆ. ಅವಳು ಅದಕ್ಕೂ ಒಂದು ದಾರಿ ಯೋಚಿಸಿದ್ದಾಳೆ. ಹೆಸರು ಈಗಲೇ ಘೋಷಿಸುವುದು ಬೇಡ, ಮುಂದಿನ ತಿಂಗಳ ಡ್ಯೂಟಿ ಪಟ್ಟಿಯ ಕರಡನ್ನು ಅವನೇ ಮಾಡಲಿ, ಆ ಇಬ್ಬರನ್ನೂ ಜೊತೆಗೆ ಕೂರಿಸಿಕೊಂಡೇ ಮಾಡಲಿ ಅಂದಳು. ಅವನು ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಬರೆಯಲು ಮಾತ್ರ ತಡವರಿಸುತ್ತಾನೆ. ಹಾಗಾಗಿ ಅವನು ಹೇಳುವುದು, ಆ ಇಬ್ಬರಲ್ಲಿ ಒಬ್ಬರು ಬರೆಯುವುದು ಅಂತ ಸದ್ಯಕ್ಕೆ ತೀರ್ಮಾನ. ಸೋಮವಾರ ಮಧ್ಯಾಹ್ನ ಊಟದ ನಂತರ ಮೂವರೂ ಕೂರುತ್ತಾರೆ.